ಅಂಬಾಸಿಡರ್‌ನಲ್ಲಿ ಜೋತಾಡುವ ಆ ಸಣ್ಣ ಪೈಪು

ನಮ್ಮ ತರೀಕೆರೆ, ಕಡೂರು, ಅಜ್ಜಂಪುರದ ಕಡೆ ಎಲ್ಲಾದರೂ ಹಳೆಯ ಪೆಟ್ರೋಲ್ ಅಂಬಾಸಿಡರ್ ಸಿಕ್ಕರೆ ಬಾನೆಟ್ ಎತ್ತಿ ನೋಡಿ. ಓಡುವ ಗಾಡಿಯೇ ಆಗಬೇಕೆಂದಿಲ್ಲ, ಅಡಿಕೆ ಚೀಲದ ಪಕ್ಕ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದರೂ ಸಾಕು. ಇಂಜಿನ್ನಿನ ಪಕ್ಕದಲ್ಲಿ ಐದು ವೈರುಗಳ ಕರಿ ಟೊಪ್ಪಿಗೆ ಹಾಕಿಕೊಂಡ ಡಿಸ್ಟ್ರಿಬ್ಯೂಟರ್ ಕಾಣುತ್ತದೆ. ಅದರ ಪಕ್ಕೆಗೆ ಅಂಟಿಕೊಂಡಂತೆ ಚಪ್ಪಟೆ ತಗಡಿನ ಡಬ್ಬಿಯೊಂದಿರುತ್ತದೆ. ಅದರಿಂದ ಹೊರಟ ಸಪೂರ ಪೈಪು ಕಾರ್ಬೊರೇಟರಿಗೆ ಹೋಗಿ ಸೇರಬೇಕು. ಎಷ್ಟೋ ಗಾಡಿಗಳಲ್ಲಿ ಅದು ಸೇರಿರುವುದಿಲ್ಲ. ಪೈಪು ಗಾಳಿಯಲ್ಲಿ ಜೋತಾಡುತ್ತಿರುತ್ತದೆ, ಕಾರ್ಬೊರೇಟರಿನ ಕಡೆಯ ತೂತಿಗೆ ಒಂದು ಸ್ಕ್ರೂ ಬಡಿದಿರುತ್ತಾರೆ. ಕೇಳಿದರೆ ಬರುವ ಉತ್ತರ ಒಂದೇ: ಅದೇನೂ ಬೇಡ, ಅದಿಲ್ಲದೆಯೂ ಗಾಡಿ ಓಡುತ್ತದೆ.

ಗಾಡಿ ಓಡುತ್ತದೆ ಎನ್ನುವುದು ನಿಜ. ಬೇಡ ಎನ್ನುವುದು ಸುಳ್ಳು. ಈ ಸುಳ್ಳು ನಮ್ಮೂರಿಗೆ ಬಂದ ದಾರಿ ಉದ್ದವಾಗಿದೆ, ಸ್ವಾರಸ್ಯವಾಗಿಯೂ ಇದೆ. ಈಗ ಹಳೆಯ ಕಾರುಗಳನ್ನು ರಿಪೇರಿ ಮಾಡಿಸಿ ಓಡಿಸುವ ಹುಡುಗರು ಹೆಚ್ಚಾಗುತ್ತಿದ್ದಾರೆ. ದೊಡ್ಡ ಕಾರ್ಬೊರೇಟರ್ ಕೂರಿಸಿ, ಈ ಪೈಪನ್ನು ಮೊದಲ ದಿನವೇ ಕಿತ್ತು ಬಿಸಾಡುವವರಲ್ಲಿ ಅವರೇ ಮುಂದು. ಪೆಟ್ರೋಲಿಗೆ ಲೀಟರಿಗೆ ನೂರು ರೂಪಾಯಿ ಕೊಡುವ ಕಾಲದಲ್ಲಿ ಇದು ಬರೀ ಮೆಕ್ಯಾನಿಕ್‌ಗಳ ತರ್ಕವಲ್ಲ, ಜೇಬಿನ ಮಾತು.

ಮೊದಲು ಕಿಡಿಯ ವಿಚಾರ. ಪೆಟ್ರೋಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಿದ ಮೇಲೆ ಪ್ಲಗ್ಗಿನ ಕಿಡಿ ಹಾರಿದರೆ ತಡವಾಯಿತು. ಬೆಂಕಿ ಹರಡಲು ಸಮಯ ಬೇಕು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ. ಆಗ ಒಂದು ಸುತ್ತಿಗೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಬೆಂಕಿ ಹರಡಲು ಸೆಕೆಂಡಿನ ಐನೂರನೇ ಒಂದು ಭಾಗ ಹಿಡಿದರೂ ಅಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಇದಕ್ಕೇ ಅಡ್ವಾನ್ಸ್ ಎನ್ನುವುದು. ವೇಗ ಹೆಚ್ಚಿದಷ್ಟೂ ಅಡ್ವಾನ್ಸ್ ಹೆಚ್ಚಬೇಕು.

ಮೊದಮೊದಲು ಈ ಕೆಲಸ ಡ್ರೈವರನದೇ ಆಗಿತ್ತು. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟೀರಿಂಗ್ ಚಕ್ರದ ಕೆಳಗೆ ಎರಡು ಸಣ್ಣ ಹಿಡಿಕೆಗಳಿದ್ದವು. ಬಲಗಡೆಯದು ಆಕ್ಸಿಲರೇಟರ್, ಎಡಗಡೆಯದು ಕಿಡಿಯದ್ದು. ಏರು ಬಂದರೆ ಎಡಗೈಯಲ್ಲಿ ಕಿಡಿ ಹಿಂದಕ್ಕೆ, ಸಮತಟ್ಟು ಬಂದರೆ ಮುಂದಕ್ಕೆ. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಾಗ ಕಿಡಿ ಹಿಂದಕ್ಕೆ ಎಳೆಯಲು ಮರೆತರೆ ಇಂಜಿನ್ ಉಲ್ಟಾ ಒದ್ದು ಮುಂಗೈ ಮುರಿಯುತ್ತಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲು ಗ್ಯಾಸಿನಲ್ಲಿ ಓಡಿದವು. ಬಸ್ಸಿನ ಹಿಂದೆ ಹಂಡೆಯಂಥ ಒಲೆ, ಅದರಲ್ಲಿ ಇದ್ದಿಲು ತುಂಬಿ ಗಾಳಿ ತಿರುಗಿಸುವ ಕ್ಲೀನರ್. ಆ ಬಸ್ಸುಗಳ ಕತೆ ನಮ್ಮಲ್ಲಿ ಇನ್ನೂ ಉಳಿದಿದೆ. ಏರಿನಲ್ಲಿ ಪ್ರಯಾಣಿಕರು ಇಳಿದು ನಡೆಯುತ್ತಿದ್ದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಒಂದು ವಿಷಯವಿದೆ. ಇದ್ದಿಲು ಗ್ಯಾಸು ಪೆಟ್ರೋಲಿಗಿಂತ ನಿಧಾನವಾಗಿ ಉರಿಯುತ್ತದೆ, ಹಾಗಾಗಿ ಅದೇ ಇಂಜಿನ್ನಿಗೆ ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಕೊಡಬೇಕಿತ್ತು. ಉರಿಯುವ ವಸ್ತು ಬದಲಾದರೆ ಕಿಡಿಯ ಸಮಯವೂ ಬದಲಾಗಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಡ್ರೈವರನ ಕೈಯಿಂದ ಈ ಕೆಲಸವನ್ನು ತಪ್ಪಿಸಲು ಎರಡು ಉಪಾಯಗಳು ಬಂದವು. ಒಂದು, ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗೆ ಸ್ಪ್ರಿಂಗಿಗೆ ಕಟ್ಟಿದ ಎರಡು ತೂಕದ ತುಂಡುಗಳು. ವೇಗ ಏರಿದಂತೆ ಜಾತ್ರೆಯ ತೊಟ್ಟಿಲಿನ ಹಾಗೆ ಅವು ಹೊರಕ್ಕೆ ಚಾಚಿ ಕಿಡಿಯನ್ನು ಮುಂದಕ್ಕೆ ತರುತ್ತವೆ. ಇವಕ್ಕೆ ಗೊತ್ತಾಗುವುದು ವೇಗ ಮಾತ್ರ. ಇಂಜಿನ್ ಎಷ್ಟು ಭಾರ ಎಳೆಯುತ್ತಿದೆ ಎಂಬುದು ಅವಕ್ಕೆ ತಿಳಿಯದು. ಅದನ್ನು ತಿಳಿಯಲು 1930ರ ದಶಕದಲ್ಲಿ ಬಳಕೆಗೆ ಬಂದದ್ದೇ ಎರಡನೇ ಉಪಾಯ, ನಾವು ಹೇಳುತ್ತಿರುವ ಆ ಚಪ್ಪಟೆ ಡಬ್ಬಿ. ವ್ಯಾಕ್ಯೂಮ್ ಅಡ್ವಾನ್ಸ್.

ಭಾರಕ್ಕೂ ಕಿಡಿಗೂ ಏನು ಸಂಬಂಧ? ಲಿಂಗದಹಳ್ಳಿಯಲ್ಲಿ ನಿಂತು ಯೋಚಿಸಿದರೆ ಸುಲಭ. ಇಲ್ಲಿಂದ ಒಂದು ರಸ್ತೆ ತರೀಕೆರೆ ಕಡೆ ಹೋಗುತ್ತದೆ, ಇನ್ನೊಂದು ಕಲ್ಲತ್ತಗಿರಿ ದಾಟಿ ಕೆಮ್ಮಣ್ಣುಗುಂಡಿ ಹತ್ತುತ್ತದೆ. ತರೀಕೆರೆ ರಸ್ತೆಯಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದರೆ ಸಾಕು. ಕಾರ್ಬೊರೇಟರಿನ ಬಾಗಿಲು ಸ್ವಲ್ಪವೇ ತೆರೆದಿರುತ್ತದೆ, ಸಿಲಿಂಡರಿಗೆ ಗಾಳಿ ಪೆಟ್ರೋಲು ಅರೆಹೊಟ್ಟೆ. ಘಾಟಿಯಲ್ಲಿ ಕಾಲು ಪೂರ್ತಿ ಒತ್ತಬೇಕು, ಸಿಲಿಂಡರ್ ಹೊಟ್ಟೆ ತುಂಬ.

ಈಗ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದದ್ದನ್ನು ನೆನೆಸಿಕೊಳ್ಳಿ. ಒಣಹುಲ್ಲು ಒತ್ತಾಗಿ ನಿಂತ ಕಡೆ ಬೆಂಕಿ ಓಡುತ್ತದೆ. ಅಲ್ಲೊಂದು ಇಲ್ಲೊಂದು ಬುಡ ಇರುವ ಕಡೆ ತೆವಳುತ್ತದೆ. ಸಿಲಿಂಡರಿನ ಒಳಗೂ ಹೀಗೆಯೇ. ಅರೆಹೊಟ್ಟೆ ತುಂಬಿದಾಗ ಬೆಂಕಿ ನಿಧಾನ, ಆದ್ದರಿಂದ ಕಿಡಿ ಇನ್ನೂ ಬೇಗ ಹಾರಬೇಕು. ಪೂರ್ತಿ ತುಂಬಿದಾಗ ಬೆಂಕಿ ಚುರುಕು, ಅಷ್ಟು ಬೇಗ ಬೇಡ. ಆಗಲೂ ಬೇಗ ಹಾರಿಸಿದರೆ ಇಂಜಿನ್ ಒಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಬರುತ್ತದೆ. ಗ್ಯಾರೇಜಿನವರು ಅದನ್ನು ನಾಕಿಂಗ್ ಎನ್ನುತ್ತಾರೆ. ಅತಿಯಾದರೆ ಪಿಸ್ಟನ್ನೇ ತೂತು.

ಆ ಡಬ್ಬಿಗೆ ಭಾರ ಗೊತ್ತಾಗುವುದು ಇಂಜಿನ್ನಿನ ಉಸಿರಿನಿಂದ. ಕಾರ್ಬೊರೇಟರಿನ ಬಾಗಿಲು ಮುಚ್ಚಿಕೊಂಡಿದ್ದಾಗ ಪಿಸ್ಟನ್‌ಗಳು ಗಾಳಿ ಸಿಗದೆ ಎಳೆಯುತ್ತವೆ, ಒಳಗೆ ಜೋರು ವ್ಯಾಕ್ಯೂಮ್ ಹುಟ್ಟುತ್ತದೆ. ಪಾದರಸದ ಲೆಕ್ಕದಲ್ಲಿ ಐಡ್ಲಿಂಗ್‌ನಲ್ಲಿ ಅದು 18ರಿಂದ 20 ಇಂಚು. ಕಾಲು ಪೂರ್ತಿ ಒತ್ತಿದರೆ ಸೊನ್ನೆಯ ಹತ್ತಿರ. ಈ ಎಳೆತ ಪೈಪಿನ ಮೂಲಕ ಡಬ್ಬಿಯೊಳಗಿನ ರಬ್ಬರ್ ಪರದೆಯನ್ನು ಎಳೆಯುತ್ತದೆ, ಪರದೆಗೆ ಕಟ್ಟಿದ ಕಡ್ಡಿ ಪಾಯಿಂಟ್ ಕೂತ ತಟ್ಟೆಯನ್ನು ತಿರುಗಿಸುತ್ತದೆ, ಕಿಡಿ ಮುಂದಕ್ಕೆ ಬರುತ್ತದೆ. ಮಾಡೆಲ್ ಟಿಯ ಡ್ರೈವರನ ಎಡಗೈ ಮಾಡುತ್ತಿದ್ದ ಕೆಲಸವನ್ನು ಒಂದು ರಬ್ಬರ್ ತುಂಡು ಮಾಡಿಬಿಟ್ಟಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಲು ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಇರುವುದಿಲ್ಲ, ಆದ್ದರಿಂದ ಆ ಹೊತ್ತಿನಲ್ಲಿ ಪೈಪು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪೈಪು ಕಿತ್ತರೆ ಪಿಕಪ್ ಹೆಚ್ಚುತ್ತದೆ ಎನ್ನುವವರಿಗೆ ಇದೊಂದೇ ಉತ್ತರ ಸಾಕು. ಕಿತ್ತರೆ ನಷ್ಟವಾಗುವುದು ತರೀಕೆರೆ ರಸ್ತೆಯಲ್ಲಿ, ಹಗುರ ಕಾಲಿನಲ್ಲಿ. ಕಿಡಿ ತಡವಾಗಿ, ಬೆಂಕಿಯ ಅರ್ಧ ಶಕ್ತಿ ಪಿಸ್ಟನ್ ತಳ್ಳುವ ಬದಲು ಸೈಲೆನ್ಸರ್ ಕಾಯಿಸಲು ಹೋಗುತ್ತದೆ. ಮೈಲೇಜ್ ಇಳಿಯುತ್ತದೆ, ಇಂಜಿನ್ ಬಿಸಿ ಏರುತ್ತದೆ. ನಮ್ಮ ಗಾಡಿಗಳು ದಿನದ ಹೆಚ್ಚು ಹೊತ್ತು ಓಡುವುದೇ ಹೀಗೆ.

ಇಷ್ಟು ಉಪಯೋಗದ ವಸ್ತುವನ್ನು ನಮ್ಮವರು ಕಿತ್ತದ್ದೇಕೆ? ನನಗೆ ಕಾಣುವ ಮೊದಲ ಕಾರಣ ಜೀಪು.

ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಶುರು ಮಾಡಿತು. ಕಾಫಿ ತೋಟ, ಅರಣ್ಯ ಇಲಾಖೆ, ಅಣೆಕಟ್ಟಿನ ಕಾಮಗಾರಿ, ಎಲ್ಲದಕ್ಕೂ ಜೀಪೇ. ಚಿಕ್ಕಮಗಳೂರು ಜಿಲ್ಲೆಯ ಘಾಟಿಗಳಲ್ಲಿ ಮೆಕ್ಯಾನಿಕ್‌ಗಳ ಒಂದು ತಲೆಮಾರೇ ಜೀಪಿನ ಮೇಲೆ ಕೈ ಪಳಗಿಸಿಕೊಂಡಿತು. ವಿಲ್ಲಿಸ್ ಕಾಲದ ಆ ಪೆಟ್ರೋಲ್ ಜೀಪಿನ ಡಿಸ್ಟ್ರಿಬ್ಯೂಟರಿನಲ್ಲಿ ವ್ಯಾಕ್ಯೂಮ್ ಡಬ್ಬಿ ಇರಲೇ ಇಲ್ಲ. ತೂಕದ ತುಂಡುಗಳು ಮಾತ್ರ. ಯುದ್ಧಕ್ಕೆಂದು ಮಾಡಿದ ಗಾಡಿ, ಕೆಸರಿನಲ್ಲಿ ಭಾರ ಎಳೆಯಬೇಕು, ಕೆಡುವ ಸಾಮಾನು ಕಡಿಮೆ ಇದ್ದಷ್ಟು ಒಳ್ಳೆಯದು, ಪೆಟ್ರೋಲ್ ಉಳಿತಾಯ ಯಾರಿಗೂ ಚಿಂತೆಯಲ್ಲ. ಹಾಗಾಗಿ ಅದು ಸರಿಯಾದ ನಿರ್ಧಾರವೇ. ಆದರೆ ಜೀಪು ಕಲಿತ ಕೈಗೆ ಅಂಬಾಸಿಡರ್ ಬಂದಾಗ ಆ ಪೈಪು ಹೆಚ್ಚುವರಿ ಅಲಂಕಾರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಅಂಬಾಸಿಡರ್ ಕಲ್ಕತ್ತಾ ಬಳಿಯ ಉತ್ತರಪಾರಾದಿಂದ ಬಂದದ್ದು 1950ರ ದಶಕದ ಕೊನೆಯಲ್ಲಿ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಹೆಸರು ಬದಲಿಸಿಕೊಂಡು ಬಂತು. 1959ರಲ್ಲಿ ಅದಕ್ಕೆ 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಇಂಜಿನ್ ಬಂತು. ಅದರ ಲೂಕಾಸ್ ಡಿಸ್ಟ್ರಿಬ್ಯೂಟರ್ ಒಂದು ಒಳ್ಳೆಯ ಕೆಲಸದ ವಸ್ತು. ವ್ಯಾಕ್ಯೂಮ್ ಡಬ್ಬಿಯ ಪಕ್ಕದಲ್ಲೇ ಬೆರಳಲ್ಲಿ ತಿರುಗಿಸುವ ಗೀರುಗೀರಿನ ಸಣ್ಣ ನಟ್ಟು, ಅದಕ್ಕೆ ಎ ಮತ್ತು ಆರ್ ಎಂಬ ಎರಡು ಅಕ್ಷರ. ಎ ಕಡೆ ತಿರುಗಿಸಿದರೆ ಕಿಡಿ ಮುಂದೆ, ಆರ್ ಕಡೆ ತಿರುಗಿಸಿದರೆ ಹಿಂದೆ. ಸ್ಪ್ಯಾನರ್ ಬೇಡ, ಟೈಮಿಂಗ್ ಲೈಟ್ ಬೇಡ. 1961ರಲ್ಲಿ ಮದರಾಸಿನ ಪಾಡಿಯಲ್ಲಿ ಲೂಕಾಸ್-ಟಿವಿಎಸ್ ಶುರುವಾದ ಮೇಲೆ ಇಂಥ ಸಾಮಾನು ದೇಶದೊಳಗೇ ತಯಾರಾಗತೊಡಗಿತು. ಪ್ಲಗ್ಗಂತೂ ನಮ್ಮದೇ ಬೆಂಗಳೂರಿನ ಆಡುಗೋಡಿಯ ಮೈಕೋ.

ಈ ಬೆರಳ ನಟ್ಟು ಇಲ್ಲಿ ಬಹಳ ಕೆಲಸಕ್ಕೆ ಬಂತು, ಕಾರಣ ಪೆಟ್ರೋಲು. ಅಂದಿನ ನಮ್ಮ ಪೆಟ್ರೋಲು ಕಡಿಮೆ ಆಕ್ಟೇನ್‌ನದು. ಅದಕ್ಕೇ ಅಂಬಾಸಿಡರ್‌ನ ಕಂಪ್ರೆಷನ್ನನ್ನು 7.2ಕ್ಕೆ ಇಳಿಸಿ ಮಾಡಿದ್ದರು. ಅದರ ಮೇಲೆ ರೇಷನ್ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದ ಕಲಬೆರಕೆ. ಸೀಮೆಎಣ್ಣೆ ಬೆರೆತ ಪೆಟ್ರೋಲು ಹಾಕಿದರೆ ಹಗುರವಾಗಿ ಆಕ್ಸಿಲರೇಟರ್ ಒತ್ತಿದರೂ ಕಟಕಟ. ಇದ್ದಿಲು ಬಸ್ಸಿನ ಪಾಠದ ಉಲ್ಟಾ ಇದು: ಉರಿಯುವ ವಸ್ತು ಬದಲಾಯಿತು, ಕಿಡಿ ಈ ಬಾರಿ ಹಿಂದಕ್ಕೆ ಬರಬೇಕು. ಜಾಣ ಮೇಸ್ತ್ರಿ ನಟ್ಟನ್ನು ಆರ್ ಕಡೆ ನಾಲ್ಕು ಗೀರು ತಿರುಗಿಸಿ, ಮುಂದಿನ ಟ್ಯಾಂಕಿಗೆ ವಾಪಸ್ ತಿರುಗಿಸಲು ಹೇಳಿ ಕಳಿಸುತ್ತಿದ್ದ. ಪುರುಸೊತ್ತಿಲ್ಲದ ಮೇಸ್ತ್ರಿ ಪೈಪನ್ನೇ ಕಿತ್ತ. ಸದ್ದು ನಿಂತಿತು, ಗಿರಾಕಿ ಖುಷಿಯಾದ. ಒಳ್ಳೆಯ ಪೆಟ್ರೋಲು ಬಂದ ಮೇಲೂ ಯಾರೂ ಪೈಪನ್ನು ವಾಪಸ್ ಹಾಕಲಿಲ್ಲ.

ಎರಡನೇ ದಾರಿ ರೇಸಿನದು. ಇದು ಇನ್ನೂ ಬಲವಾದದ್ದು, ಏಕೆಂದರೆ ಇದರ ಹಿಂದೆ ದೊಡ್ಡ ಹೆಸರುಗಳಿವೆ.

1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಪುಟಾಣಿ ಮಿನಿ ಕೂಪರ್ ಎಸ್. ಅದರ ಲೂಕಾಸ್ ಡಿಸ್ಟ್ರಿಬ್ಯೂಟರ್ ಹೆಚ್ಚುಕಡಿಮೆ ನಮ್ಮ ಅಂಬಾಸಿಡರ್‌ನದೇ ಅಣ್ಣತಮ್ಮ, ಆದರೆ ಕಂಪನಿಯೇ ವ್ಯಾಕ್ಯೂಮ್ ಡಬ್ಬಿ ಇಲ್ಲದೆ ಕೊಟ್ಟಿತ್ತು. ರೇಸ್ ಗಾಡಿಯ ಚಾಲಕ ಕಾಲು ಪೂರ್ತಿ ಒತ್ತುತ್ತಾನೆ ಇಲ್ಲವೇ ಪೂರ್ತಿ ಬಿಡುತ್ತಾನೆ, ನಡುವಿನದು ಅವನಿಗಿಲ್ಲ. ಅವನಿಗೆ ವ್ಯಾಕ್ಯೂಮ್ ಬೇಡ. ಮದರಾಸಿನ ಬಳಿಯ ಶೋಳಾವರಂ ಹಳೆಯ ವಿಮಾನದ ಪಟ್ಟಿಯಲ್ಲಿ ರೇಸು ನಡೆಯುತ್ತಿದ್ದ ದಿನಗಳು, ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ, ಆಮೇಲೆ ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ‍್ಯಾಲಿಗಳು, ಇವೆಲ್ಲ ಇಲ್ಲಿನ ಹುಡುಗರ ತಲೆಯಲ್ಲಿ ಒಂದು ಚಿತ್ರ ಕೂರಿಸಿದವು: ರೇಸ್ ಇಂಜಿನ್ನಿಗೆ ಆ ಪೈಪಿಲ್ಲ, ಆದ್ದರಿಂದ ಪೈಪಿಲ್ಲದ್ದೇ ರೇಸ್ ಇಂಜಿನ್ನು. ತಿರುಪತಿಗೆ ಹೋದವರೆಲ್ಲ ತಲೆ ಬೋಳಿಸಿಕೊಂಡಿರುತ್ತಾರೆಂದು ಬೋಳುತಲೆಯವರೆಲ್ಲ ತಿರುಪತಿಗೆ ಹೋಗಿ ಬಂದವರು ಎಂದ ಹಾಗೆ.

ಅಂಬಾಸಿಡರ್‌ಗೂ ರೇಸಿಗೂ ಎಲ್ಲಿಯ ಸಂಬಂಧ ಎಂದು ನಗಬೇಡಿ. 1955ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನ ಹೊಟ್ಟೆಯಲ್ಲಿದ್ದದ್ದೂ ಇದೇ 1489 ಸಿಸಿ ಬಿ-ಸೀರೀಸ್. ನಮ್ಮದು ಸುಮಾರು 50 ಕುದುರೆ ಶಕ್ತಿ, ಅದರದ್ದು ಸುಮಾರು 70. ವ್ಯತ್ಯಾಸ ಕಂಪ್ರೆಷನ್ನಿನಲ್ಲಿ, ಕ್ಯಾಮಿನಲ್ಲಿ ಮತ್ತು ಮುಖ್ಯವಾಗಿ ಕಾರ್ಬೊರೇಟರಿನಲ್ಲಿ. ಎಂಜಿಎಗೆ ಜೋಡಿ ಎಸ್‌ಯು ಕಾರ್ಬೊರೇಟರ್. ಗಮನಿಸಬೇಕಾದ್ದು ಏನೆಂದರೆ, ಆ ಸ್ಪೋರ್ಟ್ಸ್ ಕಾರಿನಲ್ಲಿ ವ್ಯಾಕ್ಯೂಮ್ ಡಬ್ಬಿಯೂ ಇತ್ತು. ಎರಡು ಕಾರ್ಬೊರೇಟರುಗಳಲ್ಲಿ ಒಂದಕ್ಕೆ ಪೈಪು ಸಿಕ್ಕಿಸುವ ಮೂತಿ ಕೊಟ್ಟಿದ್ದರು. ರಸ್ತೆಯ ಮೇಲೆ ಓಡಬೇಕಾದ ಕಾರಿಗೆ ಅದು ಬೇಕೆಂದು ಮಾಡಿದವರಿಗೆ ಗೊತ್ತಿತ್ತು.

ತೊಂದರೆ ಶುರುವಾಗುವುದು ವೆಬರ್‌ನಂಥ ಕಾರ್ಬೊರೇಟರ್ ಹಾಕಿದಾಗ. ಎಡೊವಾರ್ಡೊ ವೆಬರ್ ಇಟಲಿಯ ಬೊಲೊನ್ಯಾದಲ್ಲಿ 1923ರಲ್ಲಿ ಕಟ್ಟಿದ ಕಂಪನಿ ಅದು. ಅದರ ಡಿಸಿಒಇ ಎಂಬ ಅಡ್ಡಲಾಗಿ ಕೂರುವ ಜೋಡಿ ಬಾಯಿಯ ಕಾರ್ಬೊರೇಟರ್ ಇವತ್ತಿಗೂ ಹಳೆ ಕಾರಿನವರ ಕನಸು. ಅದರಲ್ಲಿ ಸಾಮಾನ್ಯವಾಗಿ ವ್ಯಾಕ್ಯೂಮ್ ಪೈಪಿಗೆ ಮೂತಿಯೇ ಇರುವುದಿಲ್ಲ. ಮೂತಿ ಇಲ್ಲ, ಹಾಗಾದರೆ ಪೈಪು ಬೇಡ ಎಂದು ಫಿಟ್ಟರ್ ತೀರ್ಮಾನಿಸುತ್ತಾನೆ. ಸಿಲಿಂಡರುಗಳಿಗೆ ಗಾಳಿ ಬೇರೆಬೇರೆ ಬಾಯಿಯಿಂದ ಹೋಗುವುದರಿಂದ ಎಳೆತವೂ ಒಂದೇ ಸಮನಾಗಿರದೆ ಎದೆ ಬಡಿತದ ಹಾಗೆ ಬಡಿಯುತ್ತದೆ. ಅದರ ಮೇಲೆ ರೇಸ್ ಕ್ಯಾಮ್ ಇದ್ದರೆ ಐಡ್ಲಿಂಗ್ ವ್ಯಾಕ್ಯೂಮ್ ಇನ್ನೂ ದುರ್ಬಲ. ಪರದೆ ನಡುಗುತ್ತದೆ, ಕಿಡಿ ಹಿಂದೆ ಮುಂದೆ ಆಡುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ. ಹಾಗಾಗಿ ಕಿತ್ತವರದ್ದು ಪೂರ್ತಿ ಮೂರ್ಖತನ ಎನ್ನಲಾರೆ. ಕಷ್ಟವಿತ್ತು, ಅವರು ಸುಲಭದ ದಾರಿ ಹಿಡಿದರು.

ಸರಿಯಾದ ದಾರಿ ಅಷ್ಟೇನೂ ಕಠಿಣವಲ್ಲ. ಬಿ-ಸೀರೀಸ್ ಇಂಜಿನ್ನಿನ ತಲೆಯಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಹೋಗುವ ಬಾಯಿ ಎರಡೇ. ಕಾರ್ಬೊರೇಟರಿನಿಂದ ಅಲ್ಲಿಗೆ ಹೋಗುವ ಮ್ಯಾನಿಫೋಲ್ಡಿನ ಎರಡೂ ಕಾಲುವೆಗೆ ತೂತು ಕೊರೆದು ಸಣ್ಣ ಮೂತಿ ಕೂರಿಸಿ, ಎರಡನ್ನೂ ಒಂದು ಪೈಪಿಗೆ ಸೇರಿಸಿ ಡಬ್ಬಿಗೆ ಕೊಡಬೇಕು. ಪೈಪಿನೊಳಗೆ ಸಣ್ಣ ತೂತಿನ ಹಳೆ ಜೆಟ್ ಒಂದನ್ನು ಸಿಕ್ಕಿಸಿದರೆ ಬಡಿತ ಇಳಿದು ಎಳೆತ ಸಮನಾಗುತ್ತದೆ. ಕಂಪನಿ ಕೊಟ್ಟ ಮೂತಿ ಕಾರ್ಬೊರೇಟರಿನ ಬಾಗಿಲ ಅಂಚಿನಲ್ಲಿರುತ್ತಿತ್ತು, ಹಾಗಾಗಿ ಐಡ್ಲಿಂಗ್‌ನಲ್ಲಿ ಅದಕ್ಕೆ ಎಳೆತ ಸಿಗುತ್ತಿರಲಿಲ್ಲ. ಮ್ಯಾನಿಫೋಲ್ಡಿನಿಂದ ತೆಗೆದರೆ ಐಡ್ಲಿಂಗ್‌ನಲ್ಲೂ ಸಿಗುತ್ತದೆ. ಆದ್ದರಿಂದ ಟೈಮಿಂಗ್ ಕೂರಿಸುವಾಗ ಪೈಪು ಬಿಚ್ಚಿ, ಅದರ ಬಾಯಿ ಮುಚ್ಚಿ, ಮೊದಲು ತೂಕದ ತುಂಡುಗಳ ಲೆಕ್ಕ ಸರಿಮಾಡಬೇಕು. ಪೂರ್ತಿ ವೇಗದಲ್ಲಿ ಅಂದಾಜು 30ರಿಂದ 34 ಡಿಗ್ರಿ. ಆಮೇಲೆ ಪೈಪು ಹಾಕಿ ಐಡ್ಲಿಂಗ್ ಮತ್ತೆ ಇಳಿಸಬೇಕು. ಹಗುರ ಕಾಲಿನಲ್ಲಿ ಒಟ್ಟು 45ರ ಸುತ್ತ ಬಂದರೂ ಹೆದರುವುದು ಬೇಡ, ಕಾಲು ಒತ್ತಿದ ಕ್ಷಣ ಅದು ತಾನಾಗಿ ಇಳಿಯುತ್ತದೆ.

ಡಬ್ಬಿಯ ಆಯ್ಕೆಯೂ ಇದೆ. ಲೂಕಾಸ್ ಡಬ್ಬಿಗಳ ಮೇಲೆ ಮೂರು ಅಂಕಿ ಒತ್ತಿರುತ್ತಾರೆ, 5-13-10 ಎಂಬಂತೆ. 5 ಇಂಚಿನ ಎಳೆತಕ್ಕೆ ಕೆಲಸ ಶುರು, 13 ಇಂಚಿಗೆ ಪೂರ್ತಿ, ಡಿಸ್ಟ್ರಿಬ್ಯೂಟರಿನಲ್ಲಿ 10 ಡಿಗ್ರಿ, ಅಂದರೆ ಕ್ರ್ಯಾಂಕಿನಲ್ಲಿ 20. ರೇಸ್ ಕ್ಯಾಮಿನಿಂದ ಎಳೆತ ಕಡಿಮೆಯಾದ ಇಂಜಿನ್ನಿಗೆ ಮೊದಲೆರಡು ಅಂಕಿ ಸಣ್ಣದಿರುವ ಡಬ್ಬಿ ಹುಡುಕಬೇಕು. ನಮ್ಮಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ 30 ಇಂಚು, 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ 25ರ ಆಸುಪಾಸು. ಮೇಲೆ ಹತ್ತಿದಂತೆ ಡಬ್ಬಿಗೆ ಸಿಗುವ ಎಳೆತವೂ ಇಳಿಯುತ್ತದೆ, ಸಿಲಿಂಡರ್ ತುಂಬುವುದೂ ಇಳಿಯುತ್ತದೆ. ಅಂದರೆ ಅಲ್ಲಿ ಕಿಡಿ ಸ್ವಲ್ಪ ಮುಂದಿದ್ದರೆ ಚೆನ್ನ. ಬೆರಳ ನಟ್ಟು ಇರುವುದೇ ಇದಕ್ಕೆ.

ಮುಂದಿನ ಕತೆಯನ್ನು ಬೇಗ ಹೇಳಬಹುದು. 1980ರ ಹೊತ್ತಿಗೆ ಅಂಬಾಸಿಡರ್‌ಗೆ ಡೀಸೆಲ್ ಇಂಜಿನ್ ಬಂತು, ಟ್ಯಾಕ್ಸಿಯವರೆಲ್ಲ ಅತ್ತ ಹೋದರು. ಜೀಪುಗಳೂ ಡೀಸೆಲ್ ಆದವು. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಡಿಸ್ಟ್ರಿಬ್ಯೂಟರ್, ವ್ಯಾಕ್ಯೂಮ್ ಡಬ್ಬಿ ಎರಡೂ ಇದ್ದವು. 2000ದ ಆಸುಪಾಸಿನಲ್ಲಿ ಹೊಗೆಯ ಕಾನೂನು ಬಿಗಿಯಾಗಿ ಕಾರ್ಬೊರೇಟರೇ ಹೋಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು ಬೈಕುಗಳಿಂದಲೂ ಹೊರಬಿತ್ತು. ಆದರೆ ಆ ಡಬ್ಬಿಯ ಕೆಲಸ ಹೋಗಿಲ್ಲ. ಇಂದಿನ ಎಷ್ಟೋ ಕಾರುಗಳ ಮ್ಯಾನಿಫೋಲ್ಡಿನಲ್ಲಿ ಮ್ಯಾಪ್ ಸೆನ್ಸರ್ ಎಂಬ ಬೆರಳುದ್ದದ ವಸ್ತು ಕೂತು ಅದೇ ಎಳೆತವನ್ನು ಅಳೆದು ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಕಿಡಿಯನ್ನು ಹಿಂದೆ ಮುಂದೆ ಮಾಡುತ್ತದೆ. ಬೇಡವಾದ ವಸ್ತುವಾಗಿದ್ದರೆ ಇಷ್ಟು ಖರ್ಚು ಮಾಡಿ ಯಾರೂ ಅದನ್ನು ಉಳಿಸಿಕೊಳ್ಳುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಹಳೆ ಗಾಡಿ ಇದ್ದರೆ ಪರೀಕ್ಷೆ ಎರಡು ನಿಮಿಷದ್ದು. ಇಂಜಿನ್ ಆಫ್ ಮಾಡಿ ಡಿಸ್ಟ್ರಿಬ್ಯೂಟರ್ ಟೊಪ್ಪಿ ತೆಗೆಯಿರಿ. ಪೈಪಿನ ಕಾರ್ಬೊರೇಟರ್ ಕಡೆಯ ತುದಿ ಬಿಚ್ಚಿ, ಒರೆಸಿ, ಬಾಯಲ್ಲಿಟ್ಟು ಎಳೆಯಿರಿ. ಪಾಯಿಂಟ್ ತಟ್ಟೆ ಸರಿಯಬೇಕು. ನಾಲಿಗೆಯಿಂದ ತುದಿ ಮುಚ್ಚಿ ಹಿಡಿದರೆ ತಟ್ಟೆ ಅಲ್ಲೇ ನಿಲ್ಲಬೇಕು. ಮೆಲ್ಲಗೆ ವಾಪಸ್ ಬಂದರೆ ಒಳಗಿನ ರಬ್ಬರ್ ಹರಿದಿದೆ. ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಹಳೆಯ ರಬ್ಬರ್ ಬೇಗ ಕರಗುತ್ತದೆ, ಪೈಪನ್ನೂ ಒಮ್ಮೆ ಬಗ್ಗಿಸಿ ಬಿರುಕು ನೋಡಿ. ತಟ್ಟೆ ಅಲುಗಾಡದೆ ಬಿಗಿದಿದ್ದರೆ ಗಾಬರಿ ಬೇಡ, ವರ್ಷಗಟ್ಟಲೆ ಕೆಲಸವಿಲ್ಲದೆ ಕೂತು ತುಕ್ಕು ಹಿಡಿದಿರುತ್ತದೆ. ಎರಡು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು, ಪಾಯಿಂಟಿಗೆ ಸೋಕದಂತೆ ಒರೆಸಿ, ಮಾರನೆಯ ದಿನ ಮತ್ತೆ ಎಳೆದು ನೋಡಿ.